ಮೀನಿನ ಹೊಟ್ಟೆಯಲ್ಲಿ ಹಸಿ ಗೋಡೆ

"ಟಿಕೆಟ್ ತಗೊಳ್ಳಿ," ಎಂದರು ಜೋಸೆಫಿನಮ್ಮ, ಕಿಟಕಿಯ ಕಂಬಿಯಾಚೆಯಿಂದ.

"ನಾನು ಬಂದಿರೋದು ನಿಮ್ಮ ಅಣ್ಣನ್ನ ಹುಡುಕಕ್ಕೆ. ಆನೆ, ಒಂಟೆ ನೋಡಕ್ಕಲ್ಲ," ಎಂದಳು ಪದ್ಮಾವತಿ.

"ಹುಡುಕಿ, ಬೇಡ ಅಂದೋರ್ಯಾರು? ಟಿಕೆಟ್ ತಗೊಂಡು ಹುಡುಕಿ. ನಲವತ್ತು ವರ್ಷದಿಂದ ಈ ಕಿಟಕೀಲಿ ಕೂತಿದೀನಿ. ನಮ್ಮ ಚರ್ಚಿನ ಫಾದರ್ ಬಂದಾಗ್ಲೂ ಹರಿದು ಕೊಟ್ಟಿದೀನಿ ಕಣಮ್ಮ."

ಪದ್ಮಾವತಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆ ಸಿಟ್ಟಿನಲ್ಲೇ ನಾಲ್ಕು ವರ್ಷದ ಕೆಳಗೆ ಸಾಹೇಬರ ಮೇಜಿನ ಮೇಲೆ ಟೋಪಿ ಇಟ್ಟು, ಹೆಡ್ ಕಾನ್‌ಸ್ಟೇಬಲ್ ಕೆಲಸಕ್ಕೆ ಕೈಮುಗಿದು ಬಂದವಳು. ಅಶೋಕಪುರಂನ ಮನೆ ಬಾಗಿಲಿಗೆ ಪತ್ತೇದಾರಿಯ ಬೋರ್ಡು ಹಾಕಿದವಳು. ಆದರೆ ಇವತ್ತು ಜಗಳಕ್ಕೆ ಹೊತ್ತಿರಲಿಲ್ಲ. ದುಡ್ಡು ತಳ್ಳಿ ಎರಡು ಟಿಕೆಟ್ ಈಸಿಕೊಂಡಳು. ಒಂದು ತನಗೆ, ಒಂದು ಹಿಂದೆ ನಿಂತಿದ್ದ ಸೋದರಮಾವನಿಗೆ.

ಸಣ್ಣಮಾದಯ್ಯ ಟಿಕೆಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಎಪ್ಪತ್ತೆರಡು ವರ್ಷದ ಗಾರೆ ಮೇಸ್ತ್ರಿ. ಗೇಟಿನಾಚೆ ಕಾಣುವ ಆನೆ, ಒಂಟೆ, ಬಕಾಸುರ, ಎಲ್ಲವನ್ನೂ ಸಿಮೆಂಟಿನಲ್ಲಿ ಎಬ್ಬಿಸಿ ನಿಲ್ಲಿಸಿದವನು ಅವನೇ. ತಾನು ಮಾಡಿದ್ದನ್ನು ತಾನೇ ಟಿಕೆಟ್ ತಗೊಂಡು ನೋಡಿದ್ದು ಇದೇ ಮೊದಲು.

"ನಡಿ ಮಾವ. ಗಂಟೆ ಒಂದಾಯ್ತು."

ನಾಲ್ಕು ಗಂಟೆಗೆ ಇನ್‌ಸ್ಪೆಕ್ಟರ್ ಮಹದೇವಸ್ವಾಮಿಯ ಜೀಪು ಬರುತ್ತದೆ. ಬಂದರೆ ಸಣ್ಣಮಾದಯ್ಯನ ಕೈಗೆ ಕೋಳ.

ಜೋಸೆಫಿನಮ್ಮನ ಅಣ್ಣ, ತೋಟದ ಮಾಲೀಕ ಇರುದಯರಾಜ್ ಕಾಣೆಯಾಗಿ ಹನ್ನೆರಡು ದಿನ. ಸೋಮವಾರ ರಾತ್ರಿ ಉಂಡು ಮಲಗಿದವರು ಮಂಗಳವಾರ ಹಾಸಿಗೆಯಲ್ಲಿರಲಿಲ್ಲ. ನಿನ್ನೆ ಅವರ ಶಾಲು, ರಕ್ತದ ಕಲೆಯ ಸಮೇತ, ಸಣ್ಣಮಾದಯ್ಯನ ಮನೆ ಹಿಂದಿನ ಸಾಮಾನು ಕೊಟ್ಟಿಗೆಯಲ್ಲಿ ಸಿಕ್ಕಿತ್ತು. ಅದಕ್ಕೆ ಸರಿಯಾಗಿ ಒಂದು ತಿಂಗಳ ಹಿಂದೆ ಇಬ್ಬರಿಗೂ ಇದೇ ಗೇಟಿನಲ್ಲಿ ಮಾತಿಗೆ ಮಾತು ಬೆಳೆದಿತ್ತು. ತೋಟ ಮಾರಿಬಿಡುತ್ತೇನೆ ಎಂದಿದ್ದರು ಇರುದಯರಾಜ್. ಸಣ್ಣಮಾದಯ್ಯ ಕೈಯಲ್ಲಿದ್ದ ಗಾರೆ ಬಳಿಯುವ ಕರಣೆ ಎಸೆದು, "ಇನ್ನು ಈ ಗೇಟು ದಾಟಿದ್ರೆ ಕೇಳು," ಅಂದು ಹೋಗಿದ್ದ. ರಸ್ತೆಯಲ್ಲಿ ಎಳನೀರು ಮಾರುವವನಿಂದ ಹಿಡಿದು ಎಲ್ಲರೂ ಸಾಕ್ಷಿ.

"ನೀವು ಕೇಳಿದಿರಿ ಅಂತ ನಾಲ್ಕರವರೆಗೆ ಬಿಟ್ಟಿದೀನಿ ಪದ್ಮಕ್ಕ," ಎಂದಿದ್ದ ಮಹದೇವಸ್ವಾಮಿ ಬೆಳಿಗ್ಗೆ. "ಸೋಮವಾರ ರಾತ್ರೀನೇ ಮುಗಿಸಿದಾನೆ ನಿಮ್ಮ ಮಾವ. ಹೆಣ ಎಲ್ಲಿ ಅಂತ ಬಾಯಿ ಬಿಡಿಸೋದೊಂದು ಬಾಕಿ."

"ಬಾಯಿ ಬಿಡಿಸೋದು ನನಗೂ ಬರ್ತದೆ. ನೀನು ಕಲ್ತಿದ್ದೇ ನನ್ನ ಹತ್ರ," ಎಂದು ಫೋನು ಕುಕ್ಕಿದ್ದಳು ಪದ್ಮಾವತಿ.

*

ನಂಜನಗೂಡು ರಸ್ತೆಯಲ್ಲಿ ಕಡಕೊಳ ದಾಟಿದ ಮೇಲೆ ಎಡಗಡೆ ಸಿಗುವ ಈ ತೋಟಕ್ಕೆ ಬೋರ್ಡಿನಲ್ಲಿರುವ ಹೆಸರು ಆನಂದವನ. ಜನದ ಬಾಯಲ್ಲಿ ಮಾತ್ರ ಅದು ಮೀನ್‌ಹೊಟ್ಟೆ.

ಯಾಕೆಂದರೆ ತೋಟದ ನಡುವೆ ಒಂದು ತಿಮಿಂಗಿಲ ಮಲಗಿದೆ. ಅರವತ್ತು ಅಡಿ ಉದ್ದ. ಬಾಯಿ ತೆರೆದುಕೊಂಡಿರುತ್ತದೆ, ನಾಲಿಗೆಯ ಮೇಲೆ ಮೆಟ್ಟಿಲು. ಬೈಬಲ್ಲಿನ ಯೋನನನ್ನು ದೊಡ್ಡ ಮೀನು ನುಂಗಿದ ಕಥೆ ಕೇಳಿ ಇರುದಯರಾಜ್ ಹಟ ಹಿಡಿದು ಕಟ್ಟಿಸಿದ್ದು. ಕಬ್ಬಿಣದ ಸರಳು, ಕೋಳಿ ಬಲೆ, ಅದರ ಮೇಲೆ ಸಿಮೆಂಟು. ಮೀನೆಂದರೆ ಕಪಿಲಾ ನದಿಯ ಮೀನು ಬಿಟ್ಟು ಬೇರೆ ನೋಡದ ಸಣ್ಣಮಾದಯ್ಯ ಒಂದು ಕ್ಯಾಲೆಂಡರ್ ಚಿತ್ರ ಇಟ್ಟುಕೊಂಡು ಅದನ್ನು ಕಟ್ಟಿದ್ದ.

ಪದ್ಮಾವತಿ ಇಲ್ಲಿಗೆ ಬಂದಾಗ ಎಂಟು ವರ್ಷ. ಸೈಕಲ್ಲಿನ ಬಾರಿಗೆ ಟವೆಲ್ ಸುತ್ತಿ, ಅದರ ಮೇಲೆ ಅವಳನ್ನು ಕೂರಿಸಿಕೊಂಡು, ಅಶೋಕಪುರಂನಿಂದ ಇಲ್ಲಿವರೆಗೂ ತುಳಿದಿದ್ದ ಮಾವ. ಆವತ್ತು ಆನೆ ಆಕಾಶ ಮುಟ್ಟುತ್ತಿತ್ತು. ಬಕಾಸುರನ ಬಂಡಿಯಲ್ಲಿದ್ದ ಅನ್ನದ ರಾಶಿ ನೋಡಿ ಅವಳ ಹೊಟ್ಟೆ ಹಸಿದಿತ್ತು.

ಇವತ್ತು ಆನೆ ಅವಳ ತಲೆಗಿಂತ ಎರಡು ಮೊಳ ಎತ್ತರ, ಅಷ್ಟೆ. ಸೊಂಡಿಲು ಮುರಿದು ಒಳಗಿನ ಸರಳು ಕಾಣುತ್ತಿತ್ತು. ಬಕಾಸುರನ ಒಂದು ಕಣ್ಣಿನಲ್ಲಿ ಗುಬ್ಬಿ ಗೂಡು. ನಗು ಕನ್ನಡಿಯ ಪಾದರಸ ಎದ್ದು, ಅದರಲ್ಲಿ ದಪ್ಪಗಿದ್ದವರೂ ತೆಳ್ಳಗಿದ್ದವರೂ ಒಂದೇ ಥರ ಕಲೆ ಕಲೆಯಾಗಿ ಕಾಣುತ್ತಿದ್ದರು.

ಆದರೂ ಎದೆ ಡವಡವ ಅನ್ನುತ್ತಿತ್ತು. ಐವತ್ತೆರಡು ವರ್ಷದ ಹೆಂಗಸು, ಬಂದಿರುವುದು ಕೊಲೆ ಕೇಸಿಗೆ, ಮುಖ ಗಂಟಿಕ್ಕಿಕೊಂಡೇ ಇದ್ದಳು. ಕಾಲು ಮಾತ್ರ ಅವಳ ಮಾತು ಕೇಳದೆ ಓಡುತ್ತಿದ್ದವು.

"ನಿಧಾನ ಕಣವ್ವ ಪದ್ದಿ. ಅದೇನು ಎದ್ದೋಗ್ತದಾ?" ಹಿಂದಿನಿಂದ ಕೂಗಿದ ಸಣ್ಣಮಾದಯ್ಯ.

"ನೀನು ಬೇಗ ಬಾ. ನನ್ನ ಕೈ ಗುರುತು ಇನ್ನೂ ಇದೆಯೋ ನೋಡ್ಬೇಕು."

ಆವತ್ತು ತಿಮಿಂಗಿಲದ ಬಾಲದ ಒಳಗೆ, ಇನ್ನೂ ಹಸಿಯಿದ್ದ ಸಿಮೆಂಟಿನ ಮೇಲೆ ಅವಳ ಅಂಗೈ ಒತ್ತಿಸಿ, "ನಿನ್ ಕೈ ಬೆಳೀತದೆ, ಇದು ಬೆಳೆಯಾಕಿಲ್ಲ," ಎಂದಿದ್ದ ಮಾವ. ಆ ಮಾತು ನೆನೆದುಕೊಂಡೇ ಅವಳು ನಾಲಿಗೆಯ ಮೆಟ್ಟಿಲು ಹತ್ತಿದಳು.

ಸಣ್ಣಮಾದಯ್ಯ ಬಾಯಿಯ ಹತ್ತಿರ ಬಂದವನು ನಿಂತುಬಿಟ್ಟ.

"ಬಾ ಮಾವ."

"ನೀನು ಓಗಿ ಬಾ. ನಂಗೆ ಮಂಡಿ ನೋವು."

ಮೂರೇ ಮೆಟ್ಟಿಲು. ಬಸ್ ಸ್ಟಾಪಿನಿಂದ ಅರ್ಧ ಮೈಲಿ ಒಂದು ಸಲವೂ ನಿಲ್ಲದೆ ನಡೆದು ಬಂದ ಮಂಡಿ ಅದು. ಪದ್ಮಾವತಿ ಅವನ ಮುಖ ನೋಡಿದಳು. ಅವನು ಒಂಟೆಯ ಕಡೆ ನೋಡುತ್ತಿದ್ದ.

*

ಒಳಗೆ ತಂಪು. ಎರಡೂ ಪಕ್ಕದಲ್ಲಿ ಸಿಮೆಂಟಿನ ಪಕ್ಕೆಲುಬು. ಮೇಲಿನ ಬಣ್ಣದ ಗಾಜುಗಳಲ್ಲಿ ಅರ್ಧ ಒಡೆದು, ಬಿಸಿಲು ತುಂಡು ತುಂಡಾಗಿ ಬಿದ್ದಿತ್ತು. ಹೊಟ್ಟೆಯ ಕೊನೆಯಲ್ಲಿ ಯೋನ ಮೊಣಕಾಲೂರಿ ಕೈಮುಗಿದಿದ್ದಾನೆ, ಹಳೆಯ ಹಾಗೇ. ಅವನ ಮೂಗಿಗೆ ಯಾರೋ ಸುಣ್ಣ ಬಳಿದಿದ್ದರು.

ಯೋನನ ಹಿಂದೆ ಬಾಲದ ಕಡೆಗೆ ಒಂದು ಕಿರಿದಾದ ದಾರಿ ಇರಬೇಕಿತ್ತು. ಮಕ್ಕಳು ಬಗ್ಗಿಕೊಂಡು ಹೋಗಿ ಕಿರುಚಿ ಬರುತ್ತಿದ್ದ ದಾರಿ. ಅವಳ ಅಂಗೈ ಇದ್ದ ದಾರಿ.

ಅಲ್ಲಿ ಗೋಡೆ ಇತ್ತು.

ಪದ್ಮಾವತಿ ಫೋನಿನ ಬೆಳಕು ಹಾಕಿದಳು. ಗೋಡೆಗೆ ಉಳಿದ ಹೊಟ್ಟೆಯ ಬೂದು ಬಣ್ಣವನ್ನೇ ಬಳಿದಿದ್ದರು, ಮಸಿ ಬೆರೆಸಿ ಹಳೆಯದರ ಹಾಗೆ ಕಾಣಿಸಿದ್ದರು. ದೂರದಿಂದ ನೋಡಿದರೆ ತಿಮಿಂಗಿಲ ಇಲ್ಲಿಗೇ ಮುಗಿಯಿತು ಅನ್ನಬೇಕು. ಮೊನ್ನೆ ಹುಡುಕಲು ಬಂದಿದ್ದ ಪೊಲೀಸರು ಹಾಗೇ ಅಂದುಕೊಂಡು ವಾಪಸು ಹೋಗಿರಬೇಕು. ಅವರಲ್ಲಿ ಯಾರೂ ಎಂಟನೇ ವಯಸ್ಸಿನಲ್ಲಿ ಇದರೊಳಗೆ ತೆವಳಿದವರಲ್ಲ.

ಅಂಗೈ ಇಟ್ಟಳು. ತಣ್ಣಗೆ ಕೊರೆಯಿತು. ಪಕ್ಕದ ಹಳೇ ಗೋಡೆ ಒಣಗಿ ಬೆಚ್ಚಗಿದೆ, ಇದು ಮಡಕೆಯ ಹಾಗೆ ತಣ್ಣಗಿದೆ.

ಕೆಳಗೆ ಬಗ್ಗಿದಳು. ನೆಲದ ಧೂಳು ಒಂದು ಮೊಳದಗಲ ತೊಳೆದುಹೋಗಿ, ನೀರು ಹರಿದ ಗೆರೆ ಯೋನನ ಕಾಲಿನವರೆಗೂ ಇತ್ತು. ಗೋಡೆಯ ಬಲಮೂಲೆಯಲ್ಲಿ ಗೋಣಿಚೀಲದ ಹೆಣಿಗೆ ಅಚ್ಚೊತ್ತಿದ ಹಾಗೆ ಮೂಡಿತ್ತು.

ಪದ್ಮಾವತಿಯ ಕೈ ಅಲ್ಲೇ ನಿಂತಿತು.

ಹೊಸ ಗೋಡೆಗೆ ಒದ್ದೆ ಗೋಣಿ ಹೊದಿಸಿ, ಹೊತ್ತಿಂದ ಹೊತ್ತಿಗೆ ನೀರು ಕುಡಿಸಬೇಕು. ಇಲ್ಲದಿದ್ದರೆ ಸಿಮೆಂಟು ಬಿರಿಯುತ್ತದೆ. ಈಗಿನ ಕಂಟ್ರಾಕ್ಟಿನವರು ಮೂರು ದಿನ ಹಾಕಿದರೆ ಹೆಚ್ಚು. ಈ ಗೋಡೆಗೆ ಇವತ್ತು ಬೆಳಿಗ್ಗೆಯೂ ಯಾರೋ ನೀರು ಹಾಕಿದ್ದಾರೆ. ಬಚ್ಚಿಡಬೇಕಾದ ಗೋಡೆ. ಕಳ್ಳತನದಲ್ಲಿ ಕಟ್ಟಿದ ಗೋಡೆ. ಕಟ್ಟಿದವನು ಓಡಿಹೋಗಬೇಕಿತ್ತು, ಆದರೆ ಬಿರಿದೀತು ಅಂತ ದಿನಾ ಬಂದು ನೀರು ಕುಡಿಸಿದ್ದಾನೆ.

ಅಂಥ ಮೂರ್ಖ ಮೇಸ್ತ್ರಿ ಮೈಸೂರು ಸೀಮೆಯಲ್ಲಿ ಎಷ್ಟು ಜನ ಇದ್ದಾರು?

ಗೋಡೆಯ ಬುಡದ ಸಂದಿಯಲ್ಲಿ ಏನೋ ಸಿಕ್ಕಿಕೊಂಡಿತ್ತು. ಉಗುರಿನಿಂದ ಎಳೆದಳು. ಕೊಳೆತು ಮುರುಟಿದ ವೀಳ್ಯದೆಲೆ, ಒಂದು ಬಟ್ಟಲಡಿಕೆ.

"ಏನ್ ಮೇಡಂ, ಮೀನು ನುಂಗಿಬಿಡ್ತಾ ಅಂದ್ಕೊಂಡೆ."

ಪದ್ಮಾವತಿ ತಿರುಗಿದಳು. ಇರುದಯರಾಜ್‌ರ ಮಗ ಸ್ಟೀವನ್. ನಲವತ್ತರ ಆಸುಪಾಸು, ಹೆಬ್ಬಾಳದ ಕಾರ್ಖಾನೆಯ ನೀಲಿ ಶರ್ಟು ಇನ್ನೂ ಮೈಮೇಲಿತ್ತು. ತೋಟ ಮಾರಿಸಲು ಅಪ್ಪನ ಬೆನ್ನು ಬಿದ್ದವನು ಇವನೇ. ಪದ್ಮಾವತಿಯ ಪಟ್ಟಿಯಲ್ಲಿ ಬೆಳಿಗ್ಗೆಯಿಂದ ಮೊದಲನೇ ಹೆಸರೂ ಇವನದೇ.

"ಈ ಗೋಡೆ ಯಾವಾಗ ಕಟ್ಟಿಸಿದ್ರಿ?" ಎಂದಳು.

"ಯಾವ ಗೋಡೆ?"

ಅವಳು ಬೆಳಕು ಹಾಕಿದಳು. ಸ್ಟೀವನ್ ಹತ್ತಿರ ಬಂದು ನೋಡಿದ. ಯೋನನ ಭುಜದ ಮೇಲೆ ಕೈ ಊರಿ ಮತ್ತೊಮ್ಮೆ ನೋಡಿದ.

"ನಾನು ಇದರೊಳಗೆ ಬಂದು ಎರಡು ವರ್ಷ ಆಯ್ತು. ಚಿಕ್ಕವನಿದ್ದಾಗ ಇಲ್ಲಿಂದ ಬಾಲದವರೆಗೂ ಹೋಗ್ತಿದ್ವಿ."

"ಸುಳ್ಳು ಹೇಳಿದ್ರೆ ನನಗೆ ಗೊತ್ತಾಗ್ತದೆ ಸ್ಟೀವನ್."

"ನಾನ್ಯಾಕೆ ಕಟ್ಟಿಸ್ಲಿ ಮೇಡಂ? ಇದು ಯಾವಾಗ ಬೀಳ್ತದೋ ಅಂತ ಕಾಯ್ತಾ ಇರೋನು ನಾನು. ಬಿದ್ರೆ ತೋಟ ಬೇಗ ಮಾರಾಟ ಆಗ್ತದೆ. ಒಂದು ಬೊಗಸೆ ಸಿಮೆಂಟು ನನ್ನ ಕೈಯಿಂದ ಇಲ್ಲಿಗೆ ಬರೋದಿಲ್ಲ."

ಒರಟು ಮಾತು. ಆದರೆ ನಿಜದ ಮಾತಿಗೆ ಇರುವ ಒರಟುತನ. ಪದ್ಮಾವತಿ ಮನಸ್ಸಿನಲ್ಲೇ ಅವನ ಹೆಸರನ್ನು ಒಂದು ಮೆಟ್ಟಿಲು ಕೆಳಗಿಳಿಸಿದಳು.

ಅವನು ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದ. ಟೊಳ್ಳು ಸದ್ದು ಬಂತು. ಅವನ ಮುಖದ ಬಣ್ಣ ಇಳಿಯಿತು.

"ಮೇಡಂ, ಅಪ್ಪ ಕಾಣೆಯಾದ್ಮೇಲೆ ಕಟ್ಟಿರೋದು ಅಲ್ವಾ ಇದು?"

"ಹೌದು."

"ಮೂಲೆ ನೋಡಿ. ದಾರ ಹಿಡಿದ ಹಾಗಿದೆ. ಈ ಥರ ಮೂಲೆ ತೆಗೆಯೋದು ನಿಮ್ಮ ಮಾವ ಒಬ್ರೇ," ಎಂದ ಸ್ಟೀವನ್. "ನಮ್ಮಪ್ಪನ್ನ ಈ ಗೋಡೆ ಹಿಂದೆ ಹಾಕವ್ರಾ?"

ಅದೇ ಪ್ರಶ್ನೆ ಎರಡು ನಿಮಿಷದಿಂದ ಪದ್ಮಾವತಿಯ ಎದೆ ಮೇಲೆ ಕೂತಿತ್ತು.

*

ಸಣ್ಣಮಾದಯ್ಯ ತಿಮಿಂಗಿಲದ ಕೆಳದವಡೆಯ ಮೇಲೆ ಕೂತು ಬೀಡಿ ಹಚ್ಚಿದ್ದ. ಪದ್ಮಾವತಿ ಅದನ್ನು ಕಿತ್ತು ಎಸೆದಳು.

"ಒಳಗೆ ನಡಿ."

"ಮಂಡಿ..."

"ಮಂಡಿ ಕಥೆ ನನ್ನ ಹತ್ರ ಹೇಳ್ಬೇಡ. ದಿನಾ ಬೆಳಿಗ್ಗೆ ಬೇಲಿ ನುಸುಳಿ ಬಂದು ಗೋಡೆಗೆ ನೀರು ಹಾಕೋವಾಗ ಎಲ್ಲಿತ್ತು ಆ ಮಂಡಿ?"

ಅವನು ಅವಳ ಮುಖ ನೋಡಿದ. ಆಮೇಲೆ ತನ್ನ ಕೈ ನೋಡಿಕೊಂಡ. ಬೆರಳ ಸಂದಿಯೆಲ್ಲ ಸಿಮೆಂಟು ತಿಂದು ಬಿಳಿಚಿಕೊಂಡಿತ್ತು. ಎದ್ದು ತಾನಾಗಿಯೇ ಒಳಗೆ ನಡೆದ.

ಯೋನನ ಮುಂದೆ ನಿಂತು ಪದ್ಮಾವತಿ ಕೇಳಿದಳು. "ಯಾವತ್ತು ಕಟ್ಟಿದ್ದು?"

"ಗುರುವಾರ. ಇವತ್ತಿಗೆ ಒಂಬತ್ ದಿನ ಆಯ್ತು."

"ಪೊಲೀಸ್ರಿಗೆ ಏನಂದೆ? ತಿಂಗಳಿಂದ ತೋಟದ ಮುಖ ನೋಡಿಲ್ಲ ಅಂದೆ."

"ಅಂದೆ."

"ನನಗೂ ಅದೇ ಅಂದೆ. ನಿನ್ನ ಮಾತು ನಂಬ್ಕೊಂಡು ಮಹದೇವಸ್ವಾಮಿ ಹತ್ರ ಎಗರಾಡಿದೆ. ನಿನ್ನ ಸಲುವಾಗಿ ನಾನು ಇಷ್ಟು ವರ್ಷದ ಮರ್ಯಾದೆ ಒತ್ತೆ ಇಟ್ಟೆ. ಯಾಕ್ ಮುಚ್ಚಿದೆ?"

"ಆವು ಸೇರ್ಕಂಡದೆ, ಸ್ಕೂಲ್ ಮಕ್ಳು ಬತ್ತವೆ, ಬಾಲದ ಕಡೆ ಮುಚ್ಚಿಬುಡು ಅಂದ್ರು. ಮುಚ್ಚಿದೆ."

"ಯಾರಂದ್ರು?"

ಸಣ್ಣಮಾದಯ್ಯ ಯೋನನ ಮೂಗಿನ ಸುಣ್ಣ ಕೆರೆಯತೊಡಗಿದ.

"ಮಾವ, ಹೆಸರು ಹೇಳು."

"ವೀಳ್ಯ ಈಸ್ಕಂಡಿವ್ನಿ ಪದ್ದಿ. ಯಾರ್ಗೂ ಏಳಾಕಿಲ್ಲ ಅಂತ ಮಾತು ಕೊಟ್ಟು ಈಸ್ಕಂಡಿವ್ನಿ. ಅದ್ನೇ ಗ್ವಾಡೆ ಬುಡಕ್ಕೆ ಇಟ್ಟೆ."

ಪದ್ಮಾವತಿಗೆ ಮೈಯೆಲ್ಲ ಉರಿಯಿತು. ಈ ಹಳೇ ಕೆಲಸಗಾರರ ಕಥೆಯೇ ಇಷ್ಟು. ಕೂಲಿಗಿಂತ ಮೊದಲು ಎಲೆಯಡಿಕೆ. ಎಲೆಯಡಿಕೆ ಕೈಗೆ ಬಂತೆಂದರೆ ತಲೆ ಹೋದರೂ ಮಾತು ತಪ್ಪುವುದಿಲ್ಲ. ಕೊಟ್ಟವರಿಗೆ ಆ ಪದ್ಧತಿ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟಿದ್ದಾರೆ.

"ಆ ಎಲೆಯಡಿಕೆ ಕೊಟ್ಟೋರು ನಿನ್ನ ಕೊಟ್ಟಿಗೇಲಿ ಶಾಲು ಇಟ್ಟಿರ್ಬೋದು, ಅದು ಹೊಳೀತಾ ನಿನಗೆ? ನಾಲ್ಕು ಗಂಟೆಗೆ ನಿನ್ನ ಎಳ್ಕೊಂಡು ಹೋಗ್ತಾರೆ. ಈ ವಯಸ್ಸಲ್ಲಿ ಜೈಲಿಗೆ ಹೋದ್ರೆ ನೀನು ವಾಪಸು ಬರಲ್ಲ."

"ಓಗ್ಲಿ ಬುಡು. ಆ ಮನೇಲಿ ನಲವತ್ ವರ್ಷ ಉಂಡಿವ್ನಿ."

"ಆ ಮನೆ ಯಜಮಾನನೇ ಈ ಗೋಡೆ ಹಿಂದೆ ಇದ್ರೆ?"

ಆ ಮಾತಿಗೆ ಮಾತ್ರ ಅವನು ಬೆಚ್ಚಿದ. ಒಂಬತ್ತು ದಿನ ನೀರು ಕುಡಿಸಿದವನಿಗೆ ಆ ಯೋಚನೆ ಒಂದು ಸಲವೂ ಬಂದಿರಲಿಲ್ಲ ಎಂಬುದು ಮುಖದಲ್ಲೇ ಬರೆದಿತ್ತು. ಪದ್ಮಾವತಿ ಆ ಮುಖ ನೋಡಿದ ಮೇಲೆ ಅರ್ಧ ಉಸಿರು ಬಿಟ್ಟಳು.

"ಕಟ್ಟೋಕೆ ಮುಂಚೆ ಒಳಗೆ ನೋಡಿದ್ಯಾ?"

"ಬ್ಯಾಟ್ರಿ ಹಾಕಿ ನೋಡ್ದೆ. ತಿರುವಿನವರ್ಗೂ ಕಾಣ್ತದೆ. ಆಚೆಗೆ ಬಾಲ ಬಗ್ಗದೆ, ಕಾಣಾಕಿಲ್ಲ." ಅವನು ಬಾಲದ ಕಡೆ ಕೈ ತೋರಿಸಿದ. "ಇಂದ್ಗಡೆ ಪಂಪಿನ ಗುಂಡಿ ಅದೆ ಪದ್ದಿ. ಮೀನು ನೀರು ಚಿಮ್ಮೋಕೆ ಅಂತ ಮಾಡಿದ್ದು. ಅದ್ರೊಳಗಿಂದ ನುಗ್ಗಿ ನೋಡ್ಬೋದು."

"ನಾನು ನುಗ್ಗೋ ಗುಂಡಿನಾ ಅದು? ನನ್ನ ಸೊಂಟ ನೋಡಿದೀಯಾ? ಒಡಿ ಗೋಡೆ."

ಸ್ಟೀವನ್ ಓಡಿಹೋಗಿ ತೋಟದ ಮನೆಯಿಂದ ಉಳಿ, ಸುತ್ತಿಗೆ ತಂದ. ಸಣ್ಣಮಾದಯ್ಯನ ಕೈಗೆ ಕೊಟ್ಟ.

"ನೀವು ಗೇಟಿಗೆ ಹೋಗಿ," ಎಂದಳು ಪದ್ಮಾವತಿ. "ಜೀಪು ಬಂದ್ರೆ ಅಲ್ಲೇ ಮಾತಾಡಿಸ್ತಾ ನಿಲ್ಲಿಸಿ."

"ಇಲ್ಲಿ ಅಪ್ಪ ಇದ್ರೆ?"

"ಇದ್ರೆ ಮೊದಲು ನಿಮ್ಮನ್ನೇ ಕರೀತೀನಿ. ಈಗ ನೋಡ್ಬೇಡಿ. ಹೋಗಪ್ಪ."

ಕೊನೆಯ ಮಾತು ಅವಳಿಗೇ ತಿಳಿಯದಂತೆ ಮೆತ್ತಗಾಗಿತ್ತು. ಅವನು ಹೋದ.

*

ಸಣ್ಣಮಾದಯ್ಯ ಬೇರೆಯವರ ಹಾಗೆ ಗೋಡೆ ಕುಟ್ಟಿ ಉರುಳಿಸಲಿಲ್ಲ. ಮೇಲಿನ ಸಾಲಿನಿಂದ ಹಿಡಿದು ಒಂದೊಂದೇ ಇಟ್ಟಿಗೆ ಬಿಡಿಸಿದ. ಮೇಲೆ ಬಳಿದಿದ್ದ ಸಿಮೆಂಟಿನ ಗಿಲಾವು ಹಾಳೆ ಹಾಳೆಯಾಗಿ ಎದ್ದಿತು. ಒಂಬತ್ತು ದಿನ ನೀರು ಕುಡಿದ ಗಾರೆ ಉಳಿಗೆ ಜಗ್ಗಲಿಲ್ಲ, ಒಂದೊಂದು ಇಟ್ಟಿಗೆಗೂ ಬೆವರು ಬಸಿಯಿತು.

"ಇಷ್ಟು ಗಟ್ಟಿ ಕಟ್ಟೋಕೆ ಯಾರು ಹೇಳಿದ್ರು ನಿಂಗೆ?"

"ಸುಮ್ಕಿರವ್ವ. ಲಡಾಸು ಕಟ್ಟೋಕೆ ನಂಗೆ ಬರಾಕಿಲ್ಲ."

ಮೊದಲನೇ ಇಟ್ಟಿಗೆ ಆಚೆಗೆ ಬಂದಾಗ ಪದ್ಮಾವತಿ ಮೂಗು ಒಡ್ಡಿದಳು. ಪೊಲೀಸ್ ಕೆಲಸದಲ್ಲಿ ಕಲಿತ ಮೂಗು. ಹನ್ನೆರಡು ದಿನದ ಹೆಣ ಅಡಗಿದ್ದರೆ ಆ ತೂತೇ ಹೇಳಬೇಕಿತ್ತು.

ಬಾವಲಿಯ ಹಿಕ್ಕೆಯ ವಾಸನೆ. ಹಳೇ ನೀರಿನ ವಾಸನೆ. ಮತ್ತೇನೂ ಇಲ್ಲ.

"ಮಾವ, ಬೇಗ."

ಸೊಂಟದ ಮಟ್ಟಕ್ಕೆ ಗೋಡೆ ಇಳಿಯುತ್ತಲೇ ಅವಳು ಸೀರೆ ಎತ್ತಿ ಕಟ್ಟಿ, ಮೇಲೆ ಹತ್ತಿ ಒಳಗೆ ಧುಮುಕಿದಳು. ಮೊಣಕೈ ತರಚಿತು. ಬಗ್ಗಿಕೊಂಡು ತಿರುವು ದಾಟಿದಳು.

ಅಲ್ಲಿ ಹೆಣ ಇರಲಿಲ್ಲ. ಒಂದು ಚಾಪೆ ಹಾಸಿತ್ತು. ಎರಡು ಖಾಲಿ ನೀರಿನ ಬಾಟಲಿ, ಬನ್ನಿನ ಕವರು, ಕಪ್ಪಗಾದ ಬಾಳೆಹಣ್ಣಿನ ಸಿಪ್ಪೆ. ಬಾಲದ ತುದಿಯಲ್ಲಿ ಪಂಪಿನ ಗುಂಡಿಯ ಮುಚ್ಚಳ ಪಕ್ಕಕ್ಕೆ ಸರಿದು, ಒಂದು ಗೇಣು ಬಿಸಿಲು ಒಳಗೆ ಬಿದ್ದಿತ್ತು. ಕಡ್ಡಿಯಂತಿದ್ದ ಇರುದಯರಾಜ್ ಆ ಸಂದಿಯಲ್ಲಿ ನುಸುಳುವುದು ಕಷ್ಟವೇನಲ್ಲ.

"ಇಲ್ಲಿ ಯಾರೋ ವಾಸ ಇದ್ರು ಮಾವ," ಎಂದು ಕೂಗಿದಳು. ದನಿ ತಿಮಿಂಗಿಲದ ಉದ್ದಕ್ಕೂ ಸುತ್ತಿ ವಾಪಸು ಬಂತು. "ಸತ್ತಿಲ್ಲ. ಬದುಕಿ, ಉಂಡು, ಮಲಗಿ, ಎದ್ದು ಹೋಗವ್ರೆ."

"ಯಾವತ್ತು?" ಸಣ್ಣಮಾದಯ್ಯ ಗೋಡೆಯಾಚೆಯಿಂದ ಕೇಳಿದ.

ಅದೇ ತೊಡಕು. ಸೋಮವಾರಕ್ಕೆ ಮುಂಚೆ ಮಲಗಿದ್ದರು ಅಂತ ಮಹದೇವಸ್ವಾಮಿ ಅಂದುಬಿಟ್ಟರೆ ಚಾಪೆಯೂ ಸಾಕ್ಷಿಯಲ್ಲ, ಬನ್ನೂ ಸಾಕ್ಷಿಯಲ್ಲ. ದಿನ ಬೇಕು. ತಾರೀಖು ಬೇಕು.

ಅವಳು ವಾಪಸು ಬಂದು ಗೋಡೆಯ ಒಳಮೈಗೆ ಬೆಳಕು ಹಾಕಿದಳು. ಉಳಿದಿದ್ದ ಅರ್ಧ ಗೋಡೆ. ಸಣ್ಣಮಾದಯ್ಯ ಹೊರಗಡೆಯಿಂದ ಅದರ ಮೇಲೆ ಬಗ್ಗಿ ಇಣುಕಿದ.

"ಒಳಗಡೆಗೂ ಗಿಲಾವು ಮಾಡಿದೀಯಲ್ಲ ಮಾವ."

"ಇಲ್ಲ ಕಣೆ. ಒಳಗಡೆ ಎಂಗೆ ಮಾಡ್ಲಿ? ನಾನು ಇತ್ಲಾಗಿದ್ದೆ."

ಪದ್ಮಾವತಿ ಗಿಲಾವಿನ ಮೇಲೆ ಬೆರಳಾಡಿಸಿದಳು.

ಇಟ್ಟಿಗೆಯ ಸಂದಿಯಿಂದ ಆಚೆಗೆ ಉಬ್ಬಿದ ಹಸಿ ಗಾರೆಯನ್ನು ಯಾರೋ ಅಂಗೈಯಲ್ಲಿ ಬಳಿದು, ನಾಲ್ಕು ಇಟ್ಟಿಗೆಯಗಲ ಸಪಾಟು ಮಾಡಿದ್ದರು. ಅದರ ಮೇಲೆ ಉಗುರಿನಲ್ಲೋ ಕಡ್ಡಿಯಲ್ಲೋ ಗೀರಿದ ಅಕ್ಷರ ಇತ್ತು.

ಸಣ್ಣಮಾದಯ್ಯ ಕಣ್ಣು ಕಿರಿದು ಮಾಡಿದ. ಇರುದಯರಾಜ್ ಅವನ ಬಾಯಲ್ಲಿ ಯಾವತ್ತೂ ರಾಜಣ್ಣ. "ರಾಜಣ್ಣನ ಕೈ ಅಕ್ಷರ. ಕೊಂಬು ಇಂಗೇ ಉದ್ದಕ್ಕೆ ಎಳೀತಾನೆ. ಪದ್ದಿ, ಗಾರೆ ಹಸಿ ಇದ್ದಾಗ ಬರ್ದಿರೋದು. ಗುರುವಾರ ನಾನು ಕಟ್ಟಿದ್ಮೇಲೆ ಎಲ್ಡು ಗಳಿಗೆ ಒಳಗೆ. ಆಮೇಲೆ ಮೊಳೆ ಹಾಕಿ ಕೆರೆದ್ರೂ ಇಂಗೆ ಮೂಡಾಕಿಲ್ಲ."

ಪದ್ಮಾವತಿಯ ರಕ್ತ ತಲೆಗೇರಿತು, ಈ ಸಲ ಸಂತೋಷಕ್ಕೆ. ಸೋಮವಾರ ಸತ್ತ ಮನುಷ್ಯ ಗುರುವಾರ ಗಾರೆಯ ಮೇಲೆ ಬರೆಯುವುದಿಲ್ಲ. ಮಹದೇವಸ್ವಾಮಿಯ ಕೇಸು ಇಲ್ಲಿಗೆ ಪಂಕ್ಚರ್. ಯಾವ ಮೇಸ್ತ್ರಿಯನ್ನು ಬೇಕಾದರೂ ಕರೆಸಿ ಕೇಳಲಿ. ಮಾವ ಇವತ್ತು ರಾತ್ರಿ ಮನೆಯಲ್ಲಿ ಉಣ್ಣುತ್ತಾನೆ.

"ಇದು ನಿನಗೇ ಬರೆದಿರೋದು. ನೀನು ಒಳಗೆ ಬಂದು ನೋಡ್ತೀಯ ಅಂತ ಅವರಿಗೆ ಹೆಂಗೆ ಗೊತ್ತು?"

"ಅತ್ನೇ ದಿನ ನೀರು ನಿಲ್ಸಿದ್ಮೇಲೆ ಗ್ವಾಡೆ ಎರಡೂ ಮೈ ತಟ್ಟಿ ನೋಡ್ತೀನಿ. ಗುಂಡೀಲಿ ಇಳ್ದು ಬಂದೇ ಬತ್ತಿದ್ದೆ ನಾಳೆ. ನನ್ ಅಭ್ಯಾಸ ರಾಜಣ್ಣಂಗೆ ಗೊತ್ತು."

"ಹಾಗಾದ್ರೆ ಕಟ್ಟೋವಾಗ್ಲೇ ಕೂಗಬಹುದಿತ್ತಲ್ಲ? ನೀನು ಇಲ್ಲೇ ಇದ್ದೆ. ನಡುವೆ ಒಂದು ಇಟ್ಟಿಗೆ."

ಸಣ್ಣಮಾದಯ್ಯ ಕೈಯಲ್ಲಿದ್ದ ಉಳಿಯನ್ನು ಇಟ್ಟಿಗೆಯ ಮೇಲೆ ಇಟ್ಟ.

ಪದ್ಮಾವತಿ ಬೆಳಕನ್ನು ಹತ್ತಿರ ಹಿಡಿದು ಅಕ್ಷರ ಕೂಡಿಸಿ ಓದಿದಳು.

ಮಾದಯ್ಯ, ಬದುಕಿದೀನಿ. ನಾನು ಇಲ್ಲಿದ್ದದ್ದು ಜೋಸೆಫಿನ್‌ಗೆ ಗೊತ್ತಾಗಬಾರದು. ಗೊತ್ತಾದ ದಿನ ನಾನು ಉಳಿಯಲ್ಲ.

ಅವಳು ತಲೆ ಎತ್ತಿದಳು. ಮಾವನ ಕಣ್ಣೂ ಆ ಸಾಲಿನ ಮೇಲೇ ಇತ್ತು. ಎಲೆಯಡಿಕೆ ಕೊಟ್ಟವರು ಯಾರು ಎಂದು ಮತ್ತೆ ಕೇಳಬೇಕಾದ್ದೇ ಇರಲಿಲ್ಲ, ಆದರೂ ಅವನು ಹೇಳಿದ. ಪಿಸುಗುಟ್ಟಿದ.

"ಅವತ್ತು ಕೊನೇ ಇಟ್ಟಿಗೆ ಇಡೋಗಂಟ ಇಲ್ಲೇ ಕುರ್ಚಿ ಹಾಕ್ಸ್ಕಂಡು ಕೂತಿದ್ರು ಕಣೆ ಜೋಸೆಫಿನಮ್ಮ. ಜಪಮಾಲೆ ಎಣಿಸ್ಕಂಡು. ಅದ್ಕೇ ರಾಜಣ್ಣ ಕೂಗ್ನಿಲ್ಲ."

ದೂರದಲ್ಲಿ, ಗೇಟಿನ ಕಡೆ, ಜೀಪಿನ ಹಾರನ್ನು ಎರಡು ಸಲ ಕೇಳಿಸಿತು. ಗಂಟೆ ಇನ್ನೂ ಮೂರೂಕಾಲು. ಮಹದೇವಸ್ವಾಮಿ ಮಾತಿಗಿಂತ ಮುಂಚೆ ಬಂದಿದ್ದ.

ಗೋಡೆ ತೋರಿಸಿದರೆ ಮಾವ ಉಳಿಯುತ್ತಾನೆ. ತೋರಿಸಿದ ಗಳಿಗೆಗೆ ಅದು ಪಂಚನಾಮೆಯಾಗುತ್ತದೆ, ಮನೆಯವರ ಮುಂದೆ ಗಟ್ಟಿಯಾಗಿ ಓದುತ್ತಾರೆ, ಮನೆಯವರ ರುಜು ಹಾಕಿಸುತ್ತಾರೆ. ಎಲ್ಲೋ ಅಡಗಿರುವ ಮುದುಕ ಬದುಕಿದ್ದಾನೆ ಎಂದು ಮೊದಲು ತಿಳಿಯುವುದು ಯಾರಿಗೆ ತಿಳಿಯಬಾರದೋ ಅವರಿಗೇ.

ತಿಮಿಂಗಿಲದ ಬಾಯಲ್ಲಿ ಬಿಸಿಲು ಮರೆಯಾಯಿತು.

"ಸಿಕ್ಕಿದ್ನಾ ನಮ್ಮಣ್ಣ?"

ಜೋಸೆಫಿನಮ್ಮ ಮೆಟ್ಟಿಲು ಹತ್ತಿ ಬರುತ್ತಿದ್ದರು. ಕೈಯಲ್ಲಿ 'ಟಿಕೆಟ್ ಕೌಂಟರ್ ಮುಚ್ಚಿದೆ' ಎಂಬ ಹಲಗೆ ಹಾಗೇ ಇತ್ತು, ನೇತುಹಾಕುವುದನ್ನೂ ಮರೆತು ಬಂದಿದ್ದರು. ಒಡೆದ ಗೋಡೆ ನೋಡಿದರು. ಸಣ್ಣಮಾದಯ್ಯನನ್ನು ನೋಡಿದರು. ಅವನು ತಲೆ ತಗ್ಗಿಸಿದ.

"ಇಲ್ಲ," ಎಂದಳು ಪದ್ಮಾವತಿ. ಮೆಲ್ಲಗೆ ತಿರುಗಿ, ಸುಸ್ತಾದವಳ ಹಾಗೆ ತನ್ನ ಅಗಲದ ಬೆನ್ನನ್ನು ಅಕ್ಷರಕ್ಕೆ ಒತ್ತಿ ಕೂತಳು. ಒಣಗಿದ ಗಾರೆ ರವಿಕೆಯ ಮೇಲೆ ಚುಚ್ಚಿತು. "ಏನೂ ಇಲ್ಲ ಇಲ್ಲಿ. ಬರೀ ಬಾವಲಿ."

"ಹೌದಾ?"

ಜೋಸೆಫಿನಮ್ಮ ಹಲಗೆಯನ್ನು ಯೋನನ ಕೈಗೆ ಒರಗಿಸಿದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಹಿಂದೆ, ಹೊರಗಡೆ, ಬೂಟಿನ ಸದ್ದು ಹತ್ತಿರವಾಗುತ್ತಿತ್ತು.

"ಹಾಗಾದ್ರೆ ಸ್ವಲ್ಪ ಕೈ ಕೊಡಮ್ಮ," ಎಂದು ಒಡೆದ ಗೋಡೆಯ ಮೇಲಿನಿಂದ ಬಲಗೈ ಚಾಚಿದರು. "ನಾನೂ ಒಳಗೆ ಇಳಿದು ನೋಡ್ತೀನಿ."